ಮರದ ಡೆಕ್‌ಗೆ ಸ್ಟೇನ್: ಕೆಲಸಗಾರರನ್ನು ಗೊತ್ತುಮಾಡುವ ಮುನ್ನ

ಅಮೆರಿಕದಲ್ಲಿ ಸ್ವಂತ ಮನೆ ಕೊಂಡ ಕನ್ನಡಿಗ ಕುಟುಂಬಗಳ ಬೇಸಿಗೆ ಬಹುಪಾಲು ಹಿತ್ತಿಲ ಡೆಕ್, ಅಂದರೆ ಮನೆಗೆ ಅಂಟಿಕೊಂಡ ಹಲಗೆಯ ಬಯಲು ಜಗಲಿಯ ಮೇಲೆಯೇ ಕಳೆಯುತ್ತದೆ. ಚಳಿಗಾಲವೆಲ್ಲ ಕಿಟಕಿಯ ಪಕ್ಕ ಮುದುಡಿ ನಿಂತಿದ್ದ ಕರಿಬೇವಿನ ಕುಂಡ ಮೇ ಕೊನೆಗೆ ಅಲ್ಲಿಗೆ ಬರುತ್ತದೆ. ಜುಲೈ ಬಿಸಿಲಿಗೆ ಸಂಡಿಗೆ ಹರಡುವುದು ಅಲ್ಲಿ. ಮನೆಯೊಳಗೆ ಎಣ್ಣೆಯ ವಾಸನೆ ಕೂರಬಾರದೆಂದು ಬೋಂಡಾ ಕರಿಯುವುದೂ ಅಲ್ಲಿಯೇ. ಹೀಗೆ ಎರಡು ಮೂರು ವರ್ಷ ಬಳಸುವಷ್ಟರಲ್ಲಿ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿರುತ್ತವೆ, ನೆರಳಿರುವ ಮೂಲೆಯಲ್ಲಿ ಪಾಚಿ ಕಟ್ಟಿರುತ್ತದೆ, ಬರಿಗಾಲಿನಲ್ಲಿ ಓಡಾಡುವ ಮಕ್ಕಳ ಪಾದಕ್ಕೆ ಸಿಬಿರು ಚುಚ್ಚತೊಡಗುತ್ತದೆ. ಆಗ ಸ್ಟೇನ್, ಅಂದರೆ ಮರವನ್ನು ಬಿಸಿಲು ಮಳೆಯಿಂದ ಕಾಯುವ ಬಣ್ಣದ ಲೇಪ, ಹಚ್ಚಿಸಬೇಕು ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ.

ಮೂವರನ್ನು ಕರೆಸಿ ದರ ಕೇಳಿದರೆ ಒಬ್ಬರು ಹೇಳಿದ್ದರ ಎರಡು ಮೂರು ಪಟ್ಟನ್ನು ಇನ್ನೊಬ್ಬರು ಹೇಳುವುದು ಈ ಕೆಲಸದಲ್ಲಿ ಅಪರೂಪವಲ್ಲ. ಅಳತೆ ಅದೇ, ಮರ ಅದೇ, ಕೆಲವೊಮ್ಮೆ ಡಬ್ಬಿಯೂ ಅದೇ. ಹಾಗಿದ್ದರೆ ಇಷ್ಟು ಅಂತರ ಏಕೆ? ಕಡಿಮೆ ಹೇಳಿದವರು ಬಣ್ಣ ಹಚ್ಚುವುದಕ್ಕೆ ಮಾತ್ರ ಲೆಕ್ಕ ಹಾಕಿರುತ್ತಾರೆ. ಹೆಚ್ಚು ಹೇಳಿದವರು, ಪ್ರಾಮಾಣಿಕರಾಗಿದ್ದರೆ, ಹಳೆಯ ಲೇಪವನ್ನು ಕಿತ್ತು, ಮರವನ್ನು ತೊಳೆದು, ಅದು ಒಣಗುವವರೆಗೆ ಕಾದು, ಆಮೇಲೆ ಹಚ್ಚುವುದಕ್ಕೆ ಲೆಕ್ಕ ಹಾಕಿರುತ್ತಾರೆ. ಡೆಕ್ ಕೆಲಸದ ಗುಣ ನಿರ್ಧಾರವಾಗುವುದು ಬ್ರಷ್ ಕೈಗೆತ್ತಿಕೊಳ್ಳುವ ಮೊದಲೇ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಯಾರನ್ನು ಕರೆಯಬೇಕು, ಏನು ಕೇಳಬೇಕು, ಕರಾರಿನಲ್ಲಿ ಏನು ಬರೆಸಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಡೆಕ್ ನಿಜವಾಗಿಯೂ ಮರದ್ದೇ? ಈಚಿನ ಎಷ್ಟೋ ಮನೆಗಳಲ್ಲಿ ಹಲಗೆಗಳು ಮರದ ಹುಡಿಯನ್ನೂ ಪ್ಲಾಸ್ಟಿಕ್ಕನ್ನೂ ಬೆರೆಸಿ ಮಾಡಿದ ಕಾಂಪೊಸಿಟ್ ಆಗಿರುತ್ತವೆ. ಎಲ್ಲ ಹಲಗೆಗಳಲ್ಲೂ ಒಂದೇ ಅಚ್ಚಿನ ಎಳೆ ಕಾಣಿಸಿದರೆ, ಒಂದು ಗಂಟೂ ಇಲ್ಲದಿದ್ದರೆ ಅದು ಕಾಂಪೊಸಿಟ್. ಅದಕ್ಕೆ ಸಾಬೂನು ನೀರು ಸಾಕು, ಸ್ಟೇನ್ ಬೇಕಿಲ್ಲ. ಅಂಥದ್ದಕ್ಕೂ ಹಚ್ಚಿಕೊಡುತ್ತೇನೆ ಎಂದು ದರ ಹೇಳುವವರನ್ನು ಅಲ್ಲಿಂದಲೇ ಕಳುಹಿಸಿಬಿಡಬಹುದು.

ಬಿಸಿಲು ಮರಕ್ಕೆ ಏನು ಮಾಡುತ್ತದೆ

ಮರವೆಂದರೆ ಉದ್ದುದ್ದ ನಾರುಗಳ ಕಟ್ಟು. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪದಾರ್ಥದ ಹೆಸರು ಲಿಗ್ನಿನ್. ಸೂರ್ಯನ ಅತಿನೇರಳೆ ಕಿರಣಗಳು ಮೊದಲು ಒಡೆಯುವುದು ಈ ಲಿಗ್ನಿನ್ನನ್ನು. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಹಿಡಿತ ಕಳೆದುಕೊಂಡ, ಬೂದಿಬಣ್ಣದ ಸಡಿಲ ನಾರು. ಅದರ ಮೇಲೆ ಬೂಷ್ಟು ಬೆಳೆದಾಗ ಬೂದಿ ಇನ್ನಷ್ಟು ಕಪ್ಪಾಗುತ್ತದೆ. ಈ ಸತ್ತ ಪದರಿನ ಮೇಲೆ ಎಷ್ಟು ಬೆಲೆಯ ಸ್ಟೇನ್ ಹಚ್ಚಿದರೂ ಅದು ಹಿಡಿದುಕೊಳ್ಳುವುದು ಸಡಿಲ ನಾರನ್ನೇ. ನಾರು ಉದುರಿದ ದಿನ ಬಣ್ಣವೂ ಉದುರುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಿಂದ ಕೆಲಸ ಮಾಡುತ್ತಿರುವ ಅಮೆರಿಕ ಸರ್ಕಾರದ ಅರಣ್ಯ ಉತ್ಪನ್ನ ಪ್ರಯೋಗಾಲಯ ಈ ವಿಷಯವನ್ನು ವಿವರವಾಗಿ ಅಭ್ಯಾಸ ಮಾಡಿದೆ. ಬರಿಯ ಮರ ಕೆಲವೇ ವಾರ ಬಿಸಿಲಿಗೆ ಬಿದ್ದರೂ ಅದರ ಮೇಲೆ ಬಣ್ಣದ ಹಿಡಿತ ಕಡಿಮೆಯಾಗುತ್ತದೆ ಎಂಬುದು ಅಲ್ಲಿಯ ಕೆಲಸದಿಂದ ಗೊತ್ತಾಗಿರುವ ಸಂಗತಿ.

ನೀರಿನ ಹೊಡೆತ ಬೇರೆ ರೀತಿಯದು. ಹಸಿ ಮರ ಪೂರ್ತಿ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಶೇಕಡಾ 0.1ರಿಂದ 0.2ರಷ್ಟು ಮಾತ್ರ. ಅಗಲದಲ್ಲಿ ಪೈನ್ ಮರ ಶೇಕಡಾ 7ರವರೆಗೂ ಕುಗ್ಗಬಲ್ಲದು. ಮಳೆ ಬಂದಾಗ ಹಿಗ್ಗಿ, ಬಿಸಿಲಿಗೆ ಕುಗ್ಗಿ, ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಲಗೆ ಸೀಳುತ್ತದೆ, ದೊನ್ನೆಯಂತೆ ಬಾಗುತ್ತದೆ, ಸ್ಕ್ರೂಗಳು ತಲೆ ಎತ್ತುತ್ತವೆ. ಗೋಡೆಯ ಹಲಗೆಗೂ ನೆಲದ ಹಲಗೆಗೂ ಇರುವ ವ್ಯತ್ಯಾಸ ಇದೇ: ಗೋಡೆಯಿಂದ ನೀರು ಇಳಿದುಹೋಗುತ್ತದೆ, ಡೆಕ್ ಮೇಲೆ ನಿಲ್ಲುತ್ತದೆ. ನಡುಮಧ್ಯಾಹ್ನದ ಬಿಸಿಲು ಅದರ ನೆತ್ತಿಯ ಮೇಲೆಯೇ ಬೀಳುತ್ತದೆ. ಜೊತೆಗೆ ಕಾಲಿನ ತುಳಿತ, ಹಿಮ ತೆಗೆಯುವ ಸಲಿಕೆಯ ಕೆರೆತ.

ಕರಾವಳಿಯ ಮನೆಗಳಲ್ಲಿ ಜಂತೆ, ಪಕಾಸಿಗಳಿಗೆ ಗೇರೆಣ್ಣೆ ಬಳಿಯುವುದನ್ನು ನೋಡಿದವರಿಗೆ ಮರಕ್ಕೆ ಎಣ್ಣೆ ಕುಡಿಸುವುದು ಹೊಸದಲ್ಲ. ಆದರೆ ಅಲ್ಲಿ ಶತ್ರು ಗೆದ್ದಲು ಮತ್ತು ತೇವ. ಮರ ಇರುವುದು ಸೂರಿನ ಕೆಳಗೆ. ಇಲ್ಲಿ ಮರ ಬಯಲಿನಲ್ಲಿದೆ, ಮುಖ್ಯ ಶತ್ರು ಬಿಸಿಲು. ಹುಳದ ಕಾಟಕ್ಕೂ ಕೊಳೆತಕ್ಕೂ ಮದ್ದನ್ನು ಅಮೆರಿಕದ ಹೆಚ್ಚಿನ ಡೆಕ್ ಮರಕ್ಕೆ ಕಾರ್ಖಾನೆಯಲ್ಲಿಯೇ ಒತ್ತಡ ಹಾಕಿ ಊಡಿಸಿರುತ್ತಾರೆ. ಅದನ್ನೇ ಪ್ರೆಶರ್ ಟ್ರೀಟೆಡ್ ಮರ ಎನ್ನುವುದು. ಅದು ಕೊಳೆಯುವುದನ್ನು ತಡೆಯುತ್ತದೆ, ಬಿಸಿಲನ್ನು ತಡೆಯುವುದಿಲ್ಲ. "ಟ್ರೀಟೆಡ್ ಮರ ತಾನೇ, ಏನೂ ಹಚ್ಚಬೇಕಿಲ್ಲ" ಎಂಬ ಮಾತು ಅದಕ್ಕೇ ಅರ್ಧ ಸತ್ಯ.

ಡಬ್ಬಿಯಲ್ಲಿ ಏನಿದೆ

ಸ್ಟೇನ್‌ಗಳಲ್ಲಿ ಬಿಸಿಲನ್ನು ತಡೆಯುವುದು ಮುಖ್ಯವಾಗಿ ವರ್ಣಕಣಗಳು. ಹಾಗಾಗಿ ಪೂರ್ತಿ ಪಾರದರ್ಶಕವಾದ ಸೀಲರ್ ನೀರನ್ನು ಸ್ವಲ್ಪ ಕಾಲ ತಡೆದೀತು, ಮರ ಬೂದಿಯಾಗುವುದನ್ನು ಹೆಚ್ಚು ದಿನ ತಡೆಯಲಾರದು. ಒಂದು ವರ್ಷ ಬಾಳಿದರೆ ಹೆಚ್ಚು. ಮರದ ಎಳೆ ಕಾಣುವಷ್ಟು ಮಾತ್ರ ಬಣ್ಣವಿರುವ ಅರೆಪಾರದರ್ಶಕ ಸ್ಟೇನ್ ನೆಲದ ಮೇಲೆ ಎರಡು, ಹೆಚ್ಚೆಂದರೆ ಮೂರು ವರ್ಷ ನಿಲ್ಲುತ್ತದೆ. ಎಳೆಯನ್ನು ಪೂರ್ತಿ ಮುಚ್ಚುವ ಸಾಲಿಡ್ ಸ್ಟೇನ್ ಇನ್ನೂ ಒಂದೆರಡು ವರ್ಷ ಹೆಚ್ಚು ಬರುತ್ತದೆ.

ಹಾಗಾದರೆ ಸಾಲಿಡ್ ಒಳ್ಳೆಯದಲ್ಲವೇ? ಹೇಗೆ ಸವೆಯುತ್ತದೆ ಎಂಬುದನ್ನೂ ನೋಡಬೇಕು. ಅರೆಪಾರದರ್ಶಕ ಎಣ್ಣೆ ಸ್ಟೇನ್ ಮರದೊಳಕ್ಕೆ ಇಳಿಯುತ್ತದೆ, ಮೇಲೆ ಪೊರೆ ಕಟ್ಟುವುದಿಲ್ಲ. ಕಾಲ ಕಳೆದಂತೆ ಮಾಸುತ್ತದೆ, ಅಷ್ಟೇ. ಮಾಸಿದ್ದನ್ನು ತೊಳೆದು ಮತ್ತೆ ಹಚ್ಚಬಹುದು. ಸಾಲಿಡ್ ಸ್ಟೇನ್ ಪೇಂಟ್‌ನಂತೆ ಪೊರೆಯಾಗಿ ನಿಲ್ಲುತ್ತದೆ. ಕೆಳಗಿನಿಂದ ತೇವ ಮೇಲೇಳುವಾಗ ಪೊರೆ ಬಿಟ್ಟುಕೊಂಡು ಚಕ್ಕೆಚಕ್ಕೆಯಾಗಿ ಏಳುತ್ತದೆ. ಒಮ್ಮೆ ಚಕ್ಕೆ ಎದ್ದ ನೆಲವನ್ನು ಸರಿಮಾಡಬೇಕಾದರೆ ಎಲ್ಲವನ್ನೂ ಕೆರೆದು ತೆಗೆಯಬೇಕು, ಅದರ ಕೂಲಿ ಹೊಸದಾಗಿ ಹಚ್ಚುವುದಕ್ಕಿಂತ ದುಬಾರಿ. ಸಾಲಿಡ್ ಹಚ್ಚಿದ ಮೇಲೆ ಅರೆಪಾರದರ್ಶಕಕ್ಕೆ ಮರಳುವ ದಾರಿಯೂ ಸುಲಭವಲ್ಲ. ನನ್ನ ಖಚಿತ ಅಭಿಪ್ರಾಯ: ಮರ ಇನ್ನೂ ಚೆನ್ನಾಗಿದ್ದರೆ ನೆಲಕ್ಕೆ ಅರೆಪಾರದರ್ಶಕವನ್ನೇ ಆರಿಸಿ. ಕಟಕಟೆಗೆ, ಕಂಬಗಳಿಗೆ ಬೇಕಿದ್ದರೆ ಸಾಲಿಡ್ ಇರಲಿ, ಅಲ್ಲಿ ನೀರು ನಿಲ್ಲುವುದಿಲ್ಲ. ಮರ ತೀರಾ ಹಳತಾಗಿ ಬಿರುಕು, ಕಲೆಗಳಿಂದ ತುಂಬಿದ್ದರೆ ಮಾತ್ರ ಸಾಲಿಡ್‌ಗೆ ಅರ್ಥವಿದೆ.

ಬಿರುಕುಗಳನ್ನೆಲ್ಲ ತುಂಬಿ ಡೆಕ್‌ಗೆ ಹೊಸ ಮೈ ಕೊಡುತ್ತೇವೆ ಎಂದು ಮಾರುವ ದಪ್ಪ ಲೇಪಗಳಿಂದ ದೂರವಿರಿ. ಪೊರೆಯ ತೊಂದರೆಯೆಲ್ಲ ಅವುಗಳಲ್ಲಿ ಹಲವು ಪಟ್ಟು. ಅಂಥ ಲೇಪಗಳು ಸಿಪ್ಪೆಯೆದ್ದು ಅಮೆರಿಕದ ನ್ಯಾಯಾಲಯಗಳಲ್ಲಿ ಗ್ರಾಹಕರ ಸಾಮೂಹಿಕ ಮೊಕದ್ದಮೆಗಳೂ ನಡೆದಿವೆ.

ಎಣ್ಣೆಯದೋ ನೀರಿನದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಣ್ಣೆಯದು ಆಳಕ್ಕೆ ಇಳಿಯುತ್ತದೆ, ಮುಂದಿನ ಸಲದ ಕೆಲಸ ಸುಲಭ. ನೀರಿನದು ಬೇಗ ಒಣಗುತ್ತದೆ, ವಾಸನೆ ಕಡಿಮೆ, ಬೂಷ್ಟಿಗೆ ಆಹಾರವಾಗುವುದೂ ಕಡಿಮೆ. ಗಾಳಿಗೆ ಸೇರುವ ಆವಿಯ ಮೇಲೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಕಟ್ಟುನಿಟ್ಟಿನ ಮಿತಿ ಇರುವುದರಿಂದ ಒಂದು ರಾಜ್ಯದ ಗೆಳೆಯರು ಹೊಗಳಿದ ಎಣ್ಣೆ ಸ್ಟೇನ್ ಇನ್ನೊಂದು ರಾಜ್ಯದ ಅಂಗಡಿಯಲ್ಲಿ ಸಿಗದೆ ಹೋಗಬಹುದು. ಡೆಕ್ ಮೇಲೆ ಸಂಡಿಗೆ ಒಣಗಿಸುವ ಮನೆಯವರು ಯಾವ ಸ್ಟೇನ್ ಆದರೂ ಡಬ್ಬಿಯ ಮೇಲೆ ಹೇಳಿದಷ್ಟು ದಿನ ಪೂರ್ತಿ ಆರುವವರೆಗೆ ಕಾಯಬೇಕು; ಆಮೇಲೂ ನೇರ ಹಲಗೆಯ ಮೇಲೆ ಹರಡದೆ ಮೇಜಿನ ಮೇಲೆ ಹರಡುವುದೇ ಕ್ಷೇಮ.

ತೊಳೆಯುವುದು, ಕಾಯುವುದು

ಈ ಭಾಗವನ್ನು ನಿಧಾನವಾಗಿ ಓದಿ. ಗುತ್ತಿಗೆದಾರರೊಂದಿಗೆ ಮಾತನಾಡುವಾಗ ನಿಮಗೆ ಬೇಕಾಗುವ ತಿಳಿವಳಿಕೆ ಹೆಚ್ಚಿನಂಶ ಇಲ್ಲಿದೆ.

ಬರಿ ಕೊಳೆ, ಪಾಚಿ, ಬೂದಿ ಬಣ್ಣ ಮಾತ್ರ ಇದ್ದರೆ ಸೋಡಿಯಂ ಪರ್‌ಕಾರ್ಬೋನೇಟ್ ಇರುವ ತೊಳೆಪುಡಿ ಸಾಕು. ಹಳೆಯ ಸ್ಟೇನ್ ಅಲ್ಲಲ್ಲಿ ಉಳಿದಿದ್ದರೆ ಅದನ್ನು ಬಿಡಿಸಲು ಸೋಡಿಯಂ ಹೈಡ್ರಾಕ್ಸೈಡ್‌ನಂಥ ತೀಕ್ಷ್ಣ ಕ್ಷಾರವಿರುವ ಸ್ಟ್ರಿಪ್ಪರ್ ಬೇಕು. ಇವೆರಡೂ ಕ್ಷಾರಗಳೇ ಆದ್ದರಿಂದ ತೊಳೆದ ಮೇಲೆ ಮರ ಕಪ್ಪಗೆ ಕಾಣುತ್ತದೆ. ಆಗ ಆಕ್ಸಾಲಿಕ್ ಆಮ್ಲವಿರುವ ಬ್ರೈಟನರ್ ಹಾಕುತ್ತಾರೆ. ಅದು ಉಳಿದ ಕ್ಷಾರವನ್ನು ಶಮನ ಮಾಡಿ ಮರದ ಬಣ್ಣವನ್ನು ಮರಳಿ ತರುತ್ತದೆ. ಕಬ್ಬಿಣದ ಕುರ್ಚಿಯ ಕಾಲು, ಹಳೆ ಮೊಳೆ ತಾಗಿ ಆದ ಕರಿಕಲೆಗಳನ್ನೂ ತೆಗೆಯುತ್ತದೆ. ಸೀಡರ್, ರೆಡ್‌ವುಡ್ ಮರಗಳಲ್ಲಿ ಇಂಥ ಕಲೆ ಹೆಚ್ಚು, ಏಕೆಂದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಬಟ್ಟೆ ಒಗೆಯುವ ಕ್ಲೋರಿನ್ ಬ್ಲೀಚ್ ಸುರಿದು ತೊಳೆಯುತ್ತೇನೆ ಎನ್ನುವವರಿಗೆ ಬೇಡವೆನ್ನಿ. ಅದು ಬೂಷ್ಟನ್ನು ಕೊಲ್ಲುತ್ತದೆ ನಿಜ, ಜೊತೆಗೆ ಲಿಗ್ನಿನ್ನನ್ನೂ ತಿನ್ನುತ್ತದೆ. ತೊಳೆದ ಮೇಲೆ ಬ್ರೈಟನರ್ ಹಾಕುತ್ತೀರಾ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಕೆಲಸ ಬಲ್ಲವರು ಯಾರೆಂದು ತಿಳಿಯಬಹುದು.

ಬೋಂಡಾ ಕರಿದ ಜಾಗದ ಎಣ್ಣೆಕಲೆಯನ್ನು ಮರೆಯದೆ ತೋರಿಸಿ. ಅಡುಗೆ ಎಣ್ಣೆ ಕುಡಿದ ಮರ ಸ್ಟೇನ್ ಕುಡಿಯುವುದಿಲ್ಲ. ಅಲ್ಲಿ ಮುಂಚೆಯೇ ಜಿಡ್ಡು ತೆಗೆಯದಿದ್ದರೆ ಎಲ್ಲ ಮುಗಿದ ಮೇಲೆ ಆ ಒಂದು ವೃತ್ತ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಜೋರಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಒಳ್ಳೆಯ ಸಾಧನ, ಕೈ ತಪ್ಪಿದರೆ ಮರವನ್ನು ಹಾಳುಮಾಡುವ ಸಾಧನವೂ ಹೌದು. ಪೈನ್, ಸೀಡರ್‌ನಂಥ ಮೆದು ಮರಕ್ಕೆ 500–600 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಒತ್ತಡ, 40 ಡಿಗ್ರಿಗೆ ಬೀಸಣಿಗೆಯಂತೆ ಹರಡುವ ಮೂತಿ, ಹಲಗೆಯಿಂದ ಸುಮಾರು ಒಂದು ಅಡಿ ದೂರ, ಎಳೆಯ ಗುಂಟವೇ ಓಡುವ ಕೈ. ಕೊಳೆ ತೆಗೆಯಬೇಕಾದದ್ದು ರಾಸಾಯನಿಕ, ನೀರು ಅದನ್ನು ತೊಳೆದು ಹಾಕುವುದಕ್ಕೆ ಮಾತ್ರ. ರಾಸಾಯನಿಕದ ಖರ್ಚು ಉಳಿಸಲು 2,000–3,000 ಪಿಎಸ್‌ಐನಲ್ಲಿ ಹೊಡೆದರೆ ಒಂದೇ ಗಂಟೆಯಲ್ಲಿ ಡೆಕ್ ಹೊಸದರಂತೆ ಕಾಣುತ್ತದೆ, ಆದರೆ ಹಲಗೆಯ ಮೈಯೆಲ್ಲ ನಾರೆದ್ದು ಗೀರು ಬಿದ್ದಿರುತ್ತದೆ. ಹಾಗೆ ಎದ್ದ ನಾರನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಬೇಕು. ಅದಕ್ಕೆ 60 ಅಥವಾ 80ನೆಯ ನಂಬರಿನ ಒರಟು ಕಾಗದವೇ ಸರಿ. ಪೀಠೋಪಕರಣದಂತೆ ನುಣ್ಣಗೆ ಉಜ್ಜಿದರೆ ಮರದ ರಂಧ್ರ ಮುಚ್ಚಿಹೋಗಿ ಸ್ಟೇನ್ ಇಳಿಯದು.

ತೊಳೆಯುವ ಮುನ್ನ ಡೆಕ್ ಸುತ್ತಲಿನ ಗಿಡಗಳಿಗೆ ಚೆನ್ನಾಗಿ ನೀರು ಹಾಕಿ ನೆನೆಸಿ, ಮುಗಿದ ಮೇಲೆ ಮತ್ತೆ ತೊಳೆಯಬೇಕು. ಇಲ್ಲದಿದ್ದರೆ ಸ್ಟ್ರಿಪ್ಪರ್ ಬಿದ್ದ ಎಲೆ ಸುಟ್ಟುಹೋಗುತ್ತದೆ. ಕರಿಬೇವು, ತುಳಸಿ, ದೊಡ್ಡಪತ್ರೆಯ ಕುಂಡಗಳನ್ನು ಹಿಂದಿನ ದಿನವೇ ಮನೆಯ ಮುಂಭಾಗಕ್ಕೆ ಸಾಗಿಸಿಬಿಡಿ. ಕುಂಡದ ಅಡಿಯಲ್ಲಿ ವರ್ಷಗಟ್ಟಲೆ ತೇವ ನಿಂತ ದುಂಡನೆಯ ಕಲೆಗಳು ಆಗ ಕಣ್ಣಿಗೆ ಬೀಳುತ್ತವೆ, ಅವನ್ನೂ ತೋರಿಸಬಹುದು.

ಆಮೇಲೆ ಕಾಯಬೇಕು. ಹೆಚ್ಚಿನ ಡೆಕ್‌ಗಳು ಕೆಡುವುದು ಇಲ್ಲಿಯೇ. ಬೆಳಿಗ್ಗೆ ತೊಳೆದು ಮಧ್ಯಾಹ್ನ ಹಚ್ಚಿ ಸಂಜೆಗೆ ಹಣ ತೆಗೆದುಕೊಂಡು ಹೋಗುವವರಿದ್ದಾರೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ನೀರು ತುಂಬಿರುವ ಮರಕ್ಕೆ ಎಣ್ಣೆ ಇಳಿಯಲು ಜಾಗವೇ ಇರುವುದಿಲ್ಲ. ಒಳ್ಳೆಯ ಬಿಸಿಲಿದ್ದರೂ ತೊಳೆದ ಮೇಲೆ ಎರಡು ಮೂರು ದಿನ ಬೇಕು, ನೆರಳಿನ ಹಿತ್ತಿಲಾದರೆ ಇನ್ನೂ ಹೆಚ್ಚು. ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿ ತೇವ ಅಳೆಯುವ ಸಣ್ಣ ಮೀಟರು ಈ ಕೆಲಸದವರ ಜೇಬಿನಲ್ಲಿ ಇರಬೇಕಾದ ವಸ್ತು. ಶೇಕಡಾ 15ರ ಆಸುಪಾಸಿಗೆ ಇಳಿದ ಮೇಲೆ ಹಚ್ಚುವುದು ರೂಢಿ. ಮೀಟರು ಇಲ್ಲದವರೂ ಮಾಡಬಹುದಾದ ಪರೀಕ್ಷೆ: ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ. ಕೆಲವು ನಿಮಿಷಗಳಲ್ಲಿ ಇಂಗಿದರೆ ಮರ ಸಿದ್ಧ. ಮಣಿಯಂತೆ ನಿಂತರೆ ಹಳೆಯ ಲೇಪ ಇನ್ನೂ ಇದೆ, ಇಲ್ಲವೇ ಮರ ಹಸಿಯಾಗಿದೆ.

ಹೊಸದಾಗಿ ಕಟ್ಟಿಸಿದ ಡೆಕ್‌ಗೂ ಇದೇ ಮಾತು. ಟ್ರೀಟೆಡ್ ಮರ ಅಂಗಡಿಯಿಂದ ಬರುವಾಗ ಒದ್ದೆಯಾಗಿರುತ್ತದೆ. ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಒಣಗಬೇಕು. ಟ್ರೀಟ್ ಮಾಡಿದ ಮೇಲೆ ಬಿಸಿಗೂಡಿನಲ್ಲಿ ಒಣಗಿಸಿದ ಮರವಾದರೆ ಬೇಗ ಹಚ್ಚಬಹುದು. ಇಷ್ಟೇ ತಿಂಗಳು ಎಂದು ಕ್ಯಾಲೆಂಡರ್ ನೋಡಿ ನಿರ್ಧರಿಸುವ ಬದಲು ನೀರಿನ ಹನಿ ಹಾಕಿ ನೋಡುವುದು ಮೇಲು.

ಹಳೆಯ ಮನೆ ಕೊಂಡವರು ಒಂದು ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 2003ರ ಕೊನೆಯವರೆಗೆ ಮನೆಬಳಕೆಯ ಟ್ರೀಟೆಡ್ ಮರದಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದುದು ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ಸಿಸಿಎ ಎಂಬ ರಾಸಾಯನಿಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದದಂತೆ ತಯಾರಕರು 2003ರ ಡಿಸೆಂಬರ್ 31ರ ಹೊತ್ತಿಗೆ ಇದನ್ನು ಮನೆಬಳಕೆಗೆ ನಿಲ್ಲಿಸಿದರು. ನಿಮ್ಮ ಡೆಕ್ ಅದಕ್ಕಿಂತ ಹಳೆಯದಾದರೆ ಉಪ್ಪುಕಾಗದದಿಂದ ಉಜ್ಜುವುದು, ಜೋರಾದ ನೀರು ಹೊಡೆಯುವುದು, ಬ್ಲೀಚ್‌ನಂಥ ತೀಕ್ಷ್ಣ ರಾಸಾಯನಿಕ ಸುರಿಯುವುದು ಯಾವುದೂ ಬೇಡ. ಹುಡಿಯಲ್ಲಿ ಆರ್ಸೆನಿಕ್ ಇರುತ್ತದೆ. ಕಿತ್ತ ಹಲಗೆಯನ್ನು ಒಲೆಗೆ ಹಾಕಲೇಬಾರದು. ಒಂದೆರಡು ವರ್ಷಕ್ಕೊಮ್ಮೆ ಮರದೊಳಗೆ ಇಳಿಯುವ ಅರೆಪಾರದರ್ಶಕ ಎಣ್ಣೆ ಸ್ಟೇನ್ ಹಚ್ಚುತ್ತಿದ್ದರೆ ಆರ್ಸೆನಿಕ್ ಹೊರಗೆ ಬರುವುದು ಕಡಿಮೆಯಾಗಬಹುದು ಎಂದು ಆ ಸಂಸ್ಥೆಯೇ ಹೇಳಿದೆ. ಹಾಗೆಯೇ 1978ಕ್ಕಿಂತ ಹಿಂದಿನ ಮನೆಯಾಗಿ ಹೊರಗೆ ಹಳೆಯ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದು. 20 ಚದರ ಅಡಿಗಿಂತ ಹೆಚ್ಚು ಹೊರಗಿನ ಪೇಂಟ್ ಕೆರೆಯುವ ಸಂಸ್ಥೆಗೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಪ್ರಮಾಣಪತ್ರ ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಕೇಳಲು ಸಂಕೋಚಪಡಬೇಡಿ.

ತೊಳೆಯಿಸುವ ಮುನ್ನ ಡೆಕ್ ಗಟ್ಟಿಯಾಗಿದೆಯೇ ಎಂದೂ ನೋಡಿಸಬೇಕು. ಮೆಟ್ಟಿಲ ಬುಡ, ಕಂಬದ ಬುಡ, ಡೆಕ್ಕನ್ನು ಮನೆಯ ಗೋಡೆಗೆ ಹಿಡಿದಿರುವ ಉದ್ದ ಹಲಗೆ, ಈ ಮೂರು ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಮರ ಲಡ್ಡಾಗಿದೆ ಎಂದರ್ಥ. ಶಿಕಾಗೋದಲ್ಲಿ 2003ರ ಜೂನ್ 29ರಂದು ಮೂರು ಅಂತಸ್ತಿನ ಮರದ ಹಿಂಜಗಲಿ ಕುಸಿದು 13 ಜನ ಸತ್ತರು. ಸ್ಟೇನ್ ಯಾವ ತೊಲೆಗೂ ಬಲ ಕೊಡುವುದಿಲ್ಲ. ಲಡ್ಡಾದ ಹಲಗೆಯ ಮೇಲೆ ಬಣ್ಣ ಹಚ್ಚಿ ಮುಚ್ಚುವವರಿಗಿಂತ "ಮೊದಲು ಬಡಗಿಯನ್ನು ಕರೆಸಿ, ಆಮೇಲೆ ನನ್ನನ್ನು ಕರೆಯಿರಿ" ಎನ್ನುವವರು ನಂಬಿಕೆಗೆ ಅರ್ಹರು.

ದರವನ್ನು ಓದುವುದು

ಒಂದು ಲೆಕ್ಕ ಮಾಡಿ ನೋಡೋಣ. 12 ಅಡಿ ಅಗಲ, 16 ಅಡಿ ಉದ್ದದ ಡೆಕ್, ಉದ್ದದ ಒಂದು ಬದಿ ಮನೆಗೆ ಅಂಟಿಕೊಂಡಿದೆ. ನೆಲ 192 ಚದರ ಅಡಿ. ಉಳಿದ ಮೂರು ಬದಿಯ ಕಟಕಟೆ 40 ಅಡಿ, ಅಂದರೆ 480 ಇಂಚು. ಮಗುವಿನ ತಲೆ ತೂರಬಾರದೆಂದು ಸರಳುಗಳ ನಡುವೆ 4 ಇಂಚಿನ ಚೆಂಡು ದಾಟುವಷ್ಟು ಸಂದು ಇರಕೂಡದು ಎಂಬುದು ಕಟ್ಟಡ ನಿಯಮ. ಒಂದೂವರೆ ಇಂಚು ದಪ್ಪದ ಸರಳು, ಮೂರೂವರೆ ಇಂಚು ಸಂದು ಎಂದು ಹಿಡಿದರೆ 5 ಇಂಚಿಗೊಂದರಂತೆ ಸುಮಾರು 96 ಸರಳುಗಳು. ಪ್ರತಿಯೊಂದಕ್ಕೂ ನಾಲ್ಕು ಮುಖ, ಮೂರಡಿ ಎತ್ತರ. ಒಂದಕ್ಕೆ ಒಂದೂವರೆ ಚದರ ಅಡಿ, ಒಟ್ಟು 144 ಚದರ ಅಡಿ. ಮೇಲಿನ ಕೈಹಿಡಿ, ಕಂಬ, ಮೆಟ್ಟಿಲು ಇನ್ನೂ ಸೇರಿಲ್ಲ. ನೆಲಕ್ಕೆ ಉದ್ದ ಕೋಲಿನ ಪ್ಯಾಡ್ ಹಿಡಿದು ನಡೆಯುತ್ತ ಹಚ್ಚಬಹುದು, ಸರಳುಗಳಿಗೆ ಕುಳಿತು ಒಂದೊಂದನ್ನೇ ಸುತ್ತಿ ಹಚ್ಚಬೇಕು. ದರದಲ್ಲಿ ದೊಡ್ಡ ಪಾಲು ಕಟಕಟೆಯದು ಎಂಬುದು ಇದರಿಂದ ಗೊತ್ತಾಗುತ್ತದೆ. ನೆಲದ ಚದರ ಅಡಿಗೆ ಇಷ್ಟು ಎಂದು ಫೋನಿನಲ್ಲೇ ದರ ಹೇಳುವವರು ನಿಮ್ಮ ಕಟಕಟೆಯನ್ನು ನೋಡಿಲ್ಲ. ಒಂದೋ ಆಮೇಲೆ ಹೆಚ್ಚು ಕೇಳುತ್ತಾರೆ, ಇಲ್ಲವೇ ಸ್ಪ್ರೇ ಹೊಡೆದು ಹೊರಡುತ್ತಾರೆ.

ಸಾಮಾನಿನ ಲೆಕ್ಕವನ್ನೂ ಹೀಗೆಯೇ ಪರೀಕ್ಷಿಸಬಹುದು. ಒಂದು ಗ್ಯಾಲನ್ ಸ್ಟೇನ್ ಮರದ ಸ್ಥಿತಿಯನ್ನು ಅನುಸರಿಸಿ 150ರಿಂದ 300 ಚದರ ಅಡಿಗೆ ಬರುತ್ತದೆ. ಮೇಲಿನ ಡೆಕ್‌ಗೆ ಎರಡು ಗ್ಯಾಲನ್ನಿಗೆ ಕಡಿಮೆ ಸಾಲದು, ಮರ ಹಳತಾಗಿದ್ದರೆ ಮೂರು.

ಕರಾರನ್ನು ಕಾಗದದಲ್ಲಿ ಮಾಡಿಸಿಕೊಳ್ಳಿ. "ಡೆಕ್ ಸ್ಟೇನಿಂಗ್, ಇಷ್ಟು ಡಾಲರ್" ಎಂಬ ಒಂದು ಸಾಲಿನ ಕಾಗದಕ್ಕೆ ಸಹಿ ಹಾಕಬೇಡಿ. ಯಾವ ರಾಸಾಯನಿಕದಿಂದ ತೊಳೆಯುತ್ತಾರೆ, ಹಳೆಯ ಲೇಪವನ್ನು ಪೂರ್ತಿ ತೆಗೆಯುತ್ತಾರೆಯೇ, ಎಲ್ಲಿ ಉಜ್ಜುತ್ತಾರೆ, ತೊಳೆದ ಮೇಲೆ ಕನಿಷ್ಠ ಎಷ್ಟು ಹೊತ್ತು ಕಾಯುತ್ತಾರೆ, ಸ್ಟೇನ್‌ನ ತಯಾರಕರ ಹೆಸರು ಮತ್ತು ಬಣ್ಣದ ಸಂಖ್ಯೆ, ಎಷ್ಟು ಕೋಟ್, ಕಟಕಟೆಯ ಹೊರಮುಖ ಮತ್ತು ಮೆಟ್ಟಿಲ ಅಡಿಭಾಗ ಸೇರಿದೆಯೇ, ಎದ್ದ ಸ್ಕ್ರೂಗಳನ್ನು ಯಾರು ಬಿಗಿಯುತ್ತಾರೆ, ಗೋಡೆಗೂ ನೆರೆಮನೆಯ ಬೇಲಿಗೂ ಬಣ್ಣ ಸಿಡಿದರೆ ಯಾರ ಹೊಣೆ, ಮಳೆ ಬಂದರೆ ಏನು, ಇವೆಲ್ಲ ಅಲ್ಲಿರಬೇಕು. ಖಾತರಿಯ ಬಗ್ಗೆ ಎಚ್ಚರ: ನೆಲದ ಸ್ಟೇನ್‌ಗೆ ಐದು ವರ್ಷ, ಹತ್ತು ವರ್ಷ ಎಂದು ಭರವಸೆ ಕೊಡುವವರಿಗಿಂತ, ಒಂದು ವರ್ಷದೊಳಗೆ ಸಿಪ್ಪೆಯೆದ್ದರೆ ಬಂದು ಸರಿಮಾಡುತ್ತೇನೆ ಎಂದು ಬರೆದುಕೊಡುವವರ ಮಾತಿಗೆ ತೂಕ ಹೆಚ್ಚು.

ಪರವಾನಗಿಯ ನಿಯಮ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ 1,000 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಕೆಲಸಕ್ಕೆ ರಾಜ್ಯದ ಪರವಾನಗಿ ಬೇಕು, ಮುಂಗಡವಾಗಿ ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯಾದದ್ದನ್ನು ಮಾತ್ರ ಕೇಳಬಹುದು. ಮೇರಿಲ್ಯಾಂಡ್‌ನಲ್ಲಿ ಮುಂಗಡ ಮೂರನೆಯ ಒಂದು ಭಾಗ ಮೀರುವಂತಿಲ್ಲ. ನ್ಯೂಜೆರ್ಸಿಯಲ್ಲಿ ಮನೆ ದುರಸ್ತಿಯವರು ರಾಜ್ಯದಲ್ಲಿ ನೋಂದಾಯಿಸಿಕೊಂಡಿರಬೇಕು, 500 ಡಾಲರ್ ಮೀರಿದ ಕರಾರು ಲಿಖಿತವಾಗಿರಬೇಕು. ಟೆಕ್ಸಾಸ್‌ನಲ್ಲಿ ಬಣ್ಣದವರಿಗೆ ರಾಜ್ಯದ ಪರವಾನಗಿಯೇ ಇಲ್ಲ. ಅಲ್ಲಿ "ಪರವಾನಗಿ ಇದೆ" ಎಂಬ ಮಾತಿಗಿಂತ ಹಿಂದಿನ ಕೆಲಸವನ್ನು ಕಣ್ಣಾರೆ ನೋಡುವುದು ಮುಖ್ಯ. ನೋಡುವಾಗ ಕಳೆದ ವಾರ ಮುಗಿಸಿದ ಡೆಕ್ ಬೇಡ, ಅದು ಯಾರದ್ದಾದರೂ ಚೆನ್ನಾಗಿಯೇ ಇರುತ್ತದೆ. ಎರಡು ವರ್ಷದ ಹಿಂದಿನದನ್ನು ತೋರಿಸಿ ಎಂದು ಕೇಳಿ.

ವಿಮೆಯ ವಿಷಯದಲ್ಲಿ ಎಲ್ಲ ರಾಜ್ಯಕ್ಕೂ ಒಂದೇ ಸಲಹೆ. ಹೊಣೆಗಾರಿಕೆ ವಿಮೆ ಮತ್ತು ಕೆಲಸಗಾರರ ಪರಿಹಾರ ವಿಮೆ, ಎರಡರ ಪ್ರಮಾಣಪತ್ರವೂ ವಿಮಾ ಏಜೆಂಟರಿಂದ ನೇರವಾಗಿ ನಿಮ್ಮ ಇಮೇಲಿಗೆ ಬರಲಿ. ಎತ್ತರದ ಡೆಕ್‌ನ ಹೊರಮುಖಕ್ಕೆ ಏಣಿ ಹಾಕಿ ಹಚ್ಚುವಾಗ ಬಿದ್ದವರಿಗೆ ವಿಮೆ ಇಲ್ಲದಿದ್ದರೆ ಆಸ್ಪತ್ರೆಯ ಖರ್ಚಿನ ಪ್ರಶ್ನೆ ನಿಮ್ಮ ಬಾಗಿಲಿಗೆ ಬರಬಹುದು. ಮನೆಬಾಗಿಲಿಗೆ ಬಂದು ಮಾತಾಡಿ ಸಹಿ ಹಾಕಿಸಿಕೊಂಡವರ ಕರಾರನ್ನು ಸಹಿಯ ನಂತರದ ಮೂರನೆಯ ವ್ಯವಹಾರದ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡುವ ಹಕ್ಕು ಕೇಂದ್ರದ ನಿಯಮದಲ್ಲೇ ಇದೆ. ಬಡಾವಣೆಯಲ್ಲಿ ನಿವಾಸಿಗಳ ಸಂಘವಿದ್ದರೆ ಬಣ್ಣಕ್ಕೆ ಅವರ ಒಪ್ಪಿಗೆ ಮೊದಲು ಪಡೆಯಿರಿ. ಹಚ್ಚಿದ ಬಣ್ಣವನ್ನು ತೆಗೆಸಬೇಕಾಗಿ ಬಂದರೆ ಎರಡು ಖರ್ಚು.

ಹಚ್ಚುವ ದಿನ

ಬಿಸಿ 50ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ನಡುವೆ, ಮುಂದಿನ ಒಂದೆರಡು ದಿನ ಮಳೆಯಿಲ್ಲ, ಹಲಗೆಯ ಮೇಲೆ ನೇರ ಬಿಸಿಲಿಲ್ಲ. ಇಂಥ ದಿನ ಬೇಕು. ಕಾದ ಹಲಗೆಯ ಮೇಲೆ ಸ್ಟೇನ್ ಇಳಿಯುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಜಾರ್ಜಿಯಾ, ಕೆರೊಲಿನಾಗಳಲ್ಲಿ ವಸಂತದ ಪೈನ್ ಪರಾಗ ಹಳದಿಯಾಗಿ ಉದುರುವ ವಾರಗಳನ್ನೂ, ಮಧ್ಯಪಶ್ಚಿಮದಲ್ಲಿ ಕಾಟನ್‌ವುಡ್ ಮರದ ಅರಳೆ ಹಾರುವ ಜೂನ್ ದಿನಗಳನ್ನೂ ತಪ್ಪಿಸಬೇಕು, ಹಸಿ ಎಣ್ಣೆಗೆ ಎಲ್ಲ ಅಂಟುತ್ತದೆ. ಬಹಳಷ್ಟು ಕಡೆ ಸೆಪ್ಟೆಂಬರ್ ಒಳ್ಳೆಯ ತಿಂಗಳು. ಗುತ್ತಿಗೆದಾರರಿಗೂ ಆಗ ಬಿಡುವಿರುತ್ತದೆ.

ಎರಡು ಮೂರು ಹಲಗೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಓಟದಲ್ಲಿ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಗೆರೆ ಉಳಿಯುತ್ತದೆ. ಸ್ಪ್ರೇ ಬಳಸಿದರೂ ಹಿಂದೆಯೇ ಬ್ರಷ್ ಹಿಡಿದು ಒಳಕ್ಕೆ ತಿಕ್ಕುವವರು ಒಬ್ಬರಿರಬೇಕು. ಹಲಗೆಯ ಕೊಯ್ದ ತುದಿಗಳು ಹೆಚ್ಚು ನೀರು ಕುಡಿಯುವ ಜಾಗ, ಅಲ್ಲಿಗೆ ಧಾರಾಳವಾಗಿ ಹಚ್ಚಬೇಕು. ಮರ ಕುಡಿಯದೆ ಮೇಲೆ ಉಳಿದ ಎಣ್ಣೆಯನ್ನು ಸ್ವಲ್ಪ ಹೊತ್ತಿನಲ್ಲೇ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಎಣ್ಣೆ ಸ್ಟೇನ್‌ನಲ್ಲಿ ಹೆಚ್ಚು ಹಚ್ಚಿದರೆ ಹೆಚ್ಚು ಬಾಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದದ್ದು ಅಂಟಂಟಾಗಿ ಮೇಲೆಯೇ ಉಳಿಯುತ್ತದೆ.

ಆ ಒರೆಸಿದ ಬಟ್ಟೆಗಳ ಬಗ್ಗೆ ನೀವೇ ಬಾಯಿಬಿಟ್ಟು ಕೇಳಬೇಕು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಬಿಸಿ ಹೊರಗೆ ಹೋಗದೆ ಒಳಗೇ ಏರಿ, ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಿಕೊಳ್ಳುತ್ತದೆ. ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ 1991ರ ಫೆಬ್ರವರಿ 23ರಂದು ಬೆಂಕಿ ಬಿದ್ದದ್ದು ಹೀಗೆಯೇ. ಮರದ ಹೊದಿಕೆಗೆ ಹೊಳಪು ಕೊಡುತ್ತಿದ್ದ ಗುತ್ತಿಗೆಯ ಕೆಲಸಗಾರರು 22ನೆಯ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಹೊತ್ತಿಕೊಂಡ ಬೆಂಕಿ ಸುಮಾರು 19 ಗಂಟೆ ಉರಿದು ಮೂವರು ಅಗ್ನಿಶಾಮಕರನ್ನು ಬಲಿತೆಗೆದುಕೊಂಡಿತು. ಬಟ್ಟೆಗಳನ್ನು ನೀರಿನಲ್ಲಿ ಅದ್ದಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ ಅವರೇ ಒಯ್ಯಬೇಕು. ನಿಮ್ಮ ಗ್ಯಾರೇಜಿನ ಕಸದ ಬುಟ್ಟಿಗೆ ಒಂದೂ ಬೀಳಬಾರದು. ಇದನ್ನೂ ಕರಾರಿನಲ್ಲಿ ಬರೆಸಿ.

ಕೊನೆಯ ಕಂತನ್ನು ಕೆಲಸ ಮುಗಿದ ಸಂಜೆಯೇ ಕೊಡಬೇಡಿ. ಒಂದೆರಡು ದಿನ ಆರಲಿ. ಆಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ ಅವರೊಂದಿಗೆ ಒಂದು ಸುತ್ತು ಹಾಕಿ: ಕೈಹಿಡಿಯ ಅಡಿಭಾಗ, ಸರಳುಗಳ ಹಿಂಬದಿ, ಹಲಗೆಗಳ ಸಂದು, ಮೆಟ್ಟಿಲ ತುದಿ. ಅಂಗೈ ಇಟ್ಟರೆ ಅಂಟಬಾರದು. ಉಳಿದ ಸ್ಟೇನ್ ಡಬ್ಬಿಯನ್ನು ನೀವೇ ಇಟ್ಟುಕೊಂಡು ಮುಚ್ಚಳದ ಮೇಲೆ ತಾರೀಕು ಬರೆದಿಡಿ.

ಮುಂದಿನ ವಸಂತದಲ್ಲಿ ಮತ್ತೆ ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಂತೆ ನಿಂತರೆ ಸಾಬೂನು ನೀರು, ಮೆತ್ತನೆಯ ಬ್ರಷ್ಷು ಸಾಕು. ಇಂಗತೊಡಗಿದಾಗ ಮರ ಬೂದಿಯಾಗುವವರೆಗೆ ಕಾಯದೆ ಅದೇ ಗುತ್ತಿಗೆದಾರರನ್ನು ಕರೆಸಿ, ನೆಲಕ್ಕೆ ಮಾತ್ರ ದರ ಕೇಳಿ. ಕಟಕಟೆಯ ಬಣ್ಣ ನೆಲದ್ದಕ್ಕಿಂತ ಬಹಳ ಕಾಲ ನಿಲ್ಲುತ್ತದೆ, ಆ 96 ಸರಳುಗಳ ಕೂಲಿಯನ್ನು ಪ್ರತಿ ಸಲ ಕೊಡಬೇಕಿಲ್ಲ.